ದುಬೈ, ಶಾರ್ಜಾದಲ್ಲಿ ಶಿಕ್ಷಕರಿಗೆ ಮನೆ: ಯಾವ ಬಡಾವಣೆ, ಹೇಗೆ ಆರಿಸಬೇಕು?

ಯುಎಇಯಲ್ಲಿರುವ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಹೊಸ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಮಾರ್ಚ್ ಬಂತೆಂದರೆ ಮಂಗಳೂರು, ಉಡುಪಿ, ಮೈಸೂರು, ಬೆಂಗಳೂರಿನಿಂದ ನೇಮಕಾತಿ ಪತ್ರ ಹಿಡಿದು ಹೊರಟ ಶಿಕ್ಷಕರು ಕೇಳುವುದು ಇದನ್ನೇ: ಮನೆ ಎಲ್ಲಿ ಮಾಡಬೇಕು? ಕರಾಮಾವೋ, ಕುಸೈಸೋ, ಶಾರ್ಜಾವೋ? ಮೊದಲೇ ಇಲ್ಲಿರುವ ನೆಂಟರು, ಊರಿನವರು ಕೊಡುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ಅಲ್ಲೇ ನೋಡಿ."

ಒಂಬತ್ತು ಗಂಟೆಗೆ ಕಚೇರಿಗೆ ಹೋಗಿ ಸಂಜೆ ಆರಕ್ಕೆ ಕೆಲಸ ಮುಗಿಸುವವರಿಗೆ ಈ ಉತ್ತರ ಸಾಕಾಗಬಹುದು, ಶಿಕ್ಷಕರಿಗೆ ಸಾಲದು. ನಮ್ಮ ದಿನ ಬೆಳಿಗ್ಗೆ ಏಳರ ಆಸುಪಾಸಿನಲ್ಲೇ ಶಾಲೆಯ ಗೇಟಿನೊಳಗೆ ಶುರುವಾಗುತ್ತದೆ. ಮನೆಗೆ ಬಂದ ಮೇಲೂ ಉತ್ತರಪತ್ರಿಕೆ, ಪಾಠಯೋಜನೆ, ಪೋಷಕರ ಸಂದೇಶಗಳು ಬೆನ್ನು ಬಿಡುವುದಿಲ್ಲ. ಹಾಗಾಗಿ ನಾನು ಹೊಸಬರಿಗೆ ಹೇಳುವ ಕ್ರಮ ಇದು: ಮೊದಲು ಗಡಿಯಾರ, ಆಮೇಲೆ ಹಣ, ಕೊನೆಯಲ್ಲಿ ಬಡಾವಣೆಯ ಹೆಸರು. ಈ ಕ್ರಮ ತಲೆಕೆಳಗಾದರೆ ಉಳಿಸಿದ ಬಾಡಿಗೆಯನ್ನು ನಿದ್ದೆಗೆಟ್ಟು ತೀರಿಸಬೇಕಾಗುತ್ತದೆ.

ಮೊದಲ ಹೆಜ್ಜೆ: ನೇಮಕಾತಿ ಪತ್ರದಲ್ಲಿ ವಸತಿಯ ಸಾಲನ್ನು ಎರಡು ಬಾರಿ ಓದಿ

ಶಾಲೆಗಳು ವಸತಿಯನ್ನು ಮೂರು ರೀತಿಯಲ್ಲಿ ಕೊಡುತ್ತವೆ. ಕೆಲವು ಶಾಲೆಗಳು ತಾವೇ ಫ್ಲಾಟ್ ಹಿಡಿದು ಇಬ್ಬರು ಮೂವರು ಶಿಕ್ಷಕಿಯರನ್ನು ಒಟ್ಟಿಗೆ ಇರಿಸುತ್ತವೆ. ಕೆಲವು ವಸತಿ ಭತ್ಯೆ ಕೊಡುತ್ತವೆ. ಇನ್ನು ಕೆಲವು ಎಲ್ಲವನ್ನೂ ಸೇರಿಸಿ ಒಂದೇ ಮೊತ್ತದ ಸಂಬಳ ಎಂದು ಬರೆದು ಸುಮ್ಮನಾಗುತ್ತವೆ.

ಶಾಲೆಯೇ ಫ್ಲಾಟ್ ಕೊಡುವುದಾದರೆ ಒಂದು ಕೋಣೆಯಲ್ಲಿ ಎಷ್ಟು ಜನ, ವಿದ್ಯುತ್ ಮತ್ತು ನೀರಿನ ಬಿಲ್ ಯಾರದು, ಜುಲೈ–ಆಗಸ್ಟ್ ರಜೆಯಲ್ಲಿ ಅಲ್ಲೇ ಇರಬಹುದೇ, ಕೆಲಸ ಬಿಟ್ಟರೆ ಎಷ್ಟು ದಿನದೊಳಗೆ ಖಾಲಿ ಮಾಡಬೇಕು ಎಂಬುದನ್ನು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಫ್ಲಾಟ್ ಬೇಡವೆಂದರೆ ಅದರ ಬದಲು ಭತ್ಯೆ ಕೊಡುತ್ತಾರೆಯೇ ಎಂದೂ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಮೊದಲ ಬಾರಿಗೆ ಒಬ್ಬರೇ ಬರುವವರು ಮೊದಲ ವರ್ಷ ಶಾಲೆಯ ಫ್ಲಾಟನ್ನೇ ಒಪ್ಪಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಊರು ಗೊತ್ತಾಗುವವರೆಗೆ ಚೆಕ್, ಠೇವಣಿ, ಒಪ್ಪಂದಗಳ ಗೋಜಿಲ್ಲ.

ಹಲವು ಶಾಖೆಗಳಿರುವ ಸಂಸ್ಥೆಯಾದರೆ ನಿಮ್ಮದು ಯಾವ ಶಾಖೆ ಎಂದು ಖಚಿತಪಡಿಸಿಕೊಳ್ಳುವ ತನಕ ಮನೆಯ ಮಾತೇ ಬೇಡ. ಉದಾಹರಣೆಗೆ ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠಕ್ಕೆ ದುಬೈನಲ್ಲಿ ಎರಡು ಶಾಲೆಗಳಿವೆ, ಒಂದು ಅಲ್ ಸಫಾದಲ್ಲಿ, ಇನ್ನೊಂದು ಅಲ್ ಬರ್ಶಾದಲ್ಲಿ. ಒಂದಕ್ಕೆ ಹತ್ತಿರವಾದ ಮನೆ ಇನ್ನೊಂದಕ್ಕೆ ಹತ್ತಿರವಾಗಬೇಕೆಂದಿಲ್ಲ.

ಕುಟುಂಬವನ್ನು ಕರೆತರುವವರು ಇನ್ನೊಂದು ಲೆಕ್ಕವನ್ನು ಈಗಲೇ ಹಾಕಬೇಕು. ಸಂಗಾತಿ ಮತ್ತು ಮಕ್ಕಳಿಗೆ ವೀಸಾ ಮಾಡಿಸಲು ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಅರ್ಜಿಯ ಜೊತೆ ನೋಂದಾಯಿತ ಬಾಡಿಗೆ ಒಪ್ಪಂದವನ್ನೂ ಕೇಳುತ್ತಾರೆ. ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚವಿದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ಹೆಜ್ಜೆ: ಶಾಲೆಯ ಗಡಿಯಾರದಿಂದ ಹಿಂದಕ್ಕೆ ಎಣಿಸಿ

ಹಾಜರಿ ಹಾಕಬೇಕಾದ ಸಮಯವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ: ಬಸ್ ಅಥವಾ ಮೆಟ್ರೋದಲ್ಲಿ ಕಳೆಯುವ ಸಮಯ, ನಿಲ್ದಾಣಕ್ಕೆ ನಡೆಯುವ ಸಮಯ, ಲಿಫ್ಟಿಗೆ ಕಾಯುವ ಸಮಯ, ಡಬ್ಬಿಗೆ ಅಡುಗೆ ಮಾಡುವ ಸಮಯ. ಕೊನೆಗೆ ಸಿಗುವುದು ನೀವು ಏಳಬೇಕಾದ ಗಂಟೆ. ನಾಲ್ಕಕ್ಕಿಂತ ಮುಂಚೆ ಏಳಬೇಕು ಎಂದು ಬಂದರೆ ಆ ಬಡಾವಣೆಯನ್ನು ಪಟ್ಟಿಯಿಂದ ತೆಗೆದುಬಿಡಿ, ಬಾಡಿಗೆ ಎಷ್ಟೇ ಕಡಿಮೆ ಇರಲಿ.

ಕಾರಿನ ಆಸೆಯನ್ನು ಮೊದಲ ವರ್ಷದ ಲೆಕ್ಕದಿಂದ ಹೊರಗಿಡಿ. ಭಾರತದ ಚಾಲನಾ ಪರವಾನಗಿಯನ್ನು ಇಲ್ಲಿ ನೇರವಾಗಿ ಬದಲಾಯಿಸಿಕೊಡುವುದಿಲ್ಲ. ಇಲ್ಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಅದಕ್ಕೆ ಸಮಯವೂ ಹಣವೂ ಬೇಕು. ಆದ್ದರಿಂದ ಹೊಸ ಶಿಕ್ಷಕರಿಗೆ ಇರುವುದು ಮೂರೇ ದಾರಿ: ಶಾಲಾ ಬಸ್, ಮೆಟ್ರೋ ಮತ್ತು ಸಾರ್ವಜನಿಕ ಬಸ್, ಇಲ್ಲವೇ ಯಾರದಾದರೂ ಕಾರಿನಲ್ಲಿ ಜಾಗ.

ಶಾಲಾ ಬಸ್ ಇದೆ ಎಂದು ಮಾನವ ಸಂಪನ್ಮೂಲ ವಿಭಾಗದವರು ಹೇಳಿದರೆ ಅಲ್ಲಿಗೇ ನಿಲ್ಲಿಸಬೇಡಿ. ಸಾರಿಗೆ ನೋಡಿಕೊಳ್ಳುವವರನ್ನು ನೇರವಾಗಿ ಮಾತನಾಡಿಸಿ. ನಿಮ್ಮ ಬಡಾವಣೆ ಆ ಬಸ್ಸಿನ ಮೊದಲ ನಿಲ್ದಾಣವೋ ಕೊನೆಯದೋ? ಮೊದಲನೆಯದಾದರೆ ಮಕ್ಕಳನ್ನೆಲ್ಲ ಹತ್ತಿಸಿಕೊಳ್ಳುತ್ತಾ ಅದು ಊರೆಲ್ಲ ಸುತ್ತುವಾಗ ನೀವು ಒಳಗೇ ಕುಳಿತಿರಬೇಕು. ಹತ್ತು ಕಿಲೋಮೀಟರ್ ದೂರಕ್ಕೆ ಒಂದು ಗಂಟೆ ಹಿಡಿಯುವುದು ಹೀಗೆ. ಮಧ್ಯಾಹ್ನ ಸಭೆ ಅಥವಾ ತರಬೇತಿ ಇದ್ದ ದಿನ ಬಸ್ ಹೊರಟುಹೋಗಿರುತ್ತದೆ. ಆಗ ಮನೆಗೆ ಮರಳುವ ದಾರಿ ಯಾವುದು? ಈ ಪ್ರಶ್ನೆಗೆ ಉತ್ತರವಿಲ್ಲದ ಬಡಾವಣೆಯಲ್ಲಿ ತಿಂಗಳ ಟ್ಯಾಕ್ಸಿ ಖರ್ಚು ಸದ್ದಿಲ್ಲದೆ ಬೆಳೆಯುತ್ತದೆ.

ಬಾಗಿಲಿನಿಂದ ಬಾಗಿಲಿಗೆ ನಲವತ್ತೈದು ನಿಮಿಷದೊಳಗೆ ಇರುವಂತೆ ನೋಡಿಕೊಳ್ಳಿ ಎಂಬುದು ನನ್ನ ಸಲಹೆ. ಗಂಟೆ ದಾಟಿದರೆ ಉಳಿತಾಯದ ಲೆಕ್ಕ ಕೈಕೊಡುತ್ತದೆ. ದೂರದ ಮನೆಯಿಂದ ತಿಂಗಳಿಗೆ 800 ದಿರ್ಹಮ್ ಉಳಿಯುತ್ತದೆ, ದಿನಕ್ಕೆ ಎರಡು ಗಂಟೆ ಹೆಚ್ಚು ಪ್ರಯಾಣ ಎಂದಿಟ್ಟುಕೊಳ್ಳಿ. ಇಪ್ಪತ್ತು ಕೆಲಸದ ದಿನಗಳಿಗೆ ನಲವತ್ತು ಗಂಟೆ. ನಿಮ್ಮ ಒಂದು ಗಂಟೆಯನ್ನು 20 ದಿರ್ಹಮ್‌ಗೆ ಮಾರಿದಂತಾಯಿತು, ಅದೂ ನಿದ್ದೆಯ ಮತ್ತು ಮಕ್ಕಳ ಜೊತೆಗಿನ ಗಂಟೆ.

ಮೂರನೆಯ ಹೆಜ್ಜೆ: ವಾಹನಗಳು ಯಾವ ಕಡೆಗೆ ಹರಿಯುತ್ತವೆ ಎಂದು ನೋಡಿ

ಬೆಳಿಗ್ಗೆ ಶಾರ್ಜಾ, ಅಜ್ಮಾನ್‌ಗಳಿಂದ ದುಬೈ ಕಡೆಗೆ ಜನ ಹೊರಡುತ್ತಾರೆ. ಸಂಜೆ ಅದೇ ಜನ ಹಿಂದಿರುಗುತ್ತಾರೆ. ಅಲ್ ಇತ್ತಿಹಾದ್ ರಸ್ತೆ ಮತ್ತು ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆ ಆ ಹೊತ್ತಿನಲ್ಲಿ ಹೇಗಿರುತ್ತವೆ ಎಂಬುದನ್ನು ನಕ್ಷೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ನೋಡಿದರೆ ತಿಳಿಯುವುದಿಲ್ಲ. ಮೊಬೈಲ್ ನಕ್ಷೆಯಲ್ಲಿ ಹೊರಡುವ ಸಮಯವನ್ನು ಬೆಳಿಗ್ಗೆ ಆರು ಎಂದು, ದಿನವನ್ನು ಮಂಗಳವಾರ ಎಂದು ಹಾಕಿ ನೋಡಿ. ಮಳೆಗಾಲದ ಬೆಂಗಳೂರನ್ನು ಕಂಡವರಿಗೂ ಒಮ್ಮೆ ಎದೆ ಝಲ್ಲೆನ್ನುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಶಾಲೆ ಶಾರ್ಜಾದಲ್ಲಿದ್ದು ಮನೆ ದುಬೈನ ಕುಸೈಸ್ ಅಥವಾ ನಹ್ದಾದಲ್ಲಿದ್ದರೆ ನೀವು ಹರಿವಿನ ಎದುರು ದಿಕ್ಕಿಗೆ ಹೋಗುತ್ತೀರಿ, ಹಾದಿ ಸಲೀಸು. ಶಾಲೆ ದುಬೈನ ನಡುವೆ ಇದ್ದು ಮನೆ ಶಾರ್ಜಾದ ಒಳಭಾಗದಲ್ಲಿದ್ದರೆ ಎಲ್ಲರೊಂದಿಗೆ ಸಾಲಿನಲ್ಲಿ ನಿಲ್ಲಬೇಕು. ಕಾರಿನಲ್ಲಿ ಜಾಗ ಹಂಚಿಕೊಳ್ಳುವವರು ದುಬೈನ ರಸ್ತೆ ಸುಂಕವಾದ ಸಾಲಿಕ್ ಅನ್ನೂ ಸೇರಿಸಿಕೊಳ್ಳಿ. 2025ರ ಜನವರಿ ಕೊನೆಯಿಂದ ವಾರದ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಹತ್ತು ಮತ್ತು ಸಂಜೆ ನಾಲ್ಕರಿಂದ ಎಂಟರವರೆಗೆ ಪ್ರತಿ ಗೇಟಿಗೆ 6 ದಿರ್ಹಮ್, ಉಳಿದ ಹೊತ್ತಿನಲ್ಲಿ 4 ದಿರ್ಹಮ್. ರಾತ್ರಿ ಒಂದರಿಂದ ಬೆಳಿಗ್ಗೆ ಆರರವರೆಗೆ ಸುಂಕವಿಲ್ಲ. ಇತ್ತಿಹಾದ್ ರಸ್ತೆಯಲ್ಲಿ ಮಮ್ಜಾರ್ ಗೇಟುಗಳು ಸಿಗುತ್ತವೆ.

ವಾರದ ರಜೆಯೂ ಎರಡು ಕಡೆ ಬೇರೆ ಬೇರೆ. 2022ರ ಜನವರಿಯಿಂದ ದುಬೈನಲ್ಲಿ ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ ಮತ್ತು ಭಾನುವಾರ ರಜೆ. ಶಾರ್ಜಾದ ಶಾಲೆಗಳು ಸೋಮವಾರದಿಂದ ಗುರುವಾರದವರೆಗೆ ನಾಲ್ಕೇ ದಿನ ನಡೆಯುತ್ತವೆ, ಶುಕ್ರವಾರದಿಂದ ಭಾನುವಾರದವರೆಗೆ ರಜೆ. ಶಾರ್ಜಾದ ಶಿಕ್ಷಕರಿಗೆ ವಾರದಲ್ಲಿ ಒಂದು ದಿನದ ಪ್ರಯಾಣ ಉಳಿಯುವುದರಿಂದ ದೂರವನ್ನು ಸ್ವಲ್ಪ ಸಹಿಸಿಕೊಳ್ಳಬಹುದು. ಆದರೆ ಮಕ್ಕಳು ದುಬೈ ಶಾಲೆಯಲ್ಲಿ, ನೀವು ಶಾರ್ಜಾ ಶಾಲೆಯಲ್ಲಿ ಎಂದಾದರೆ ಶುಕ್ರವಾರ ನೀವು ಮನೆಯಲ್ಲಿ, ಅವರು ಶಾಲೆಯಲ್ಲಿ. ಮನೆಯವರೆಲ್ಲ ಕುಳಿತು ಈ ವೇಳಾಪಟ್ಟಿಯನ್ನು ಒಮ್ಮೆ ಬರೆದು ನೋಡುವುದು ಅಗತ್ಯ.

ನಾಲ್ಕನೆಯ ಹೆಜ್ಜೆ: ಈಗ ಬಡಾವಣೆಗಳನ್ನು ಪರಿಶೀಲಿಸಿ

ಕುಸೈಸ್, ಮುಹೈಸ್ನಾ ಮತ್ತು ದುಬೈ ನಹ್ದಾ. ಭಾರತೀಯ ಶಾಲೆಗಳು ಹೆಚ್ಚಾಗಿರುವ ಭಾಗವಿದು. ಶಿಕ್ಷಕರಿಗೆ ಹೇಳಿ ಮಾಡಿಸಿದಂತಿದೆ ಎಂದೇ ಹೇಳುತ್ತೇನೆ. 2011ರಲ್ಲಿ ಶುರುವಾದ ಮೆಟ್ರೋ ಹಸಿರು ಮಾರ್ಗದ ಈ ತುದಿ ಕುಸೈಸ್‌ನಲ್ಲೇ ಇದೆ. ಬೆಳಿಗ್ಗೆ ತುದಿಯ ನಿಲ್ದಾಣದಲ್ಲಿ ಹತ್ತಿದರೆ ಕೂರಲು ಜಾಗ ಸಿಗುತ್ತದೆ, ಹತ್ತು ಉತ್ತರಪತ್ರಿಕೆ ತಿದ್ದಬಹುದು. ದಕ್ಷಿಣ ಭಾರತದ ದಿನಸಿ ಸಿಗುವ ಅಂಗಡಿಗಳು, ಚಿಕ್ಕ ಕ್ಲಿನಿಕ್‌ಗಳು, ಉದ್ಯಾನ ಎಲ್ಲವೂ ಕಾಲಳತೆಯಲ್ಲಿವೆ. ಮುಹೈಸ್ನಾದಲ್ಲಿ ಮಾತ್ರ ಒಂದು ಎಚ್ಚರ. ಅದರ ಒಂದು ಭಾಗದಲ್ಲಿ ಕಾರ್ಮಿಕರ ವಸತಿ ನಿಲಯಗಳು ಮತ್ತು ಗೋದಾಮುಗಳಿವೆ, ಇನ್ನೊಂದು ಭಾಗದಲ್ಲಿ ಶಾಲೆಗಳು ಮತ್ತು ಕುಟುಂಬಗಳ ಮನೆಗಳಿವೆ. ಹೆಸರು ಒಂದೇ, ಸಂಖ್ಯೆ ಬೇರೆ. ಜಾಹೀರಾತಿನಲ್ಲಿ ಮುಹೈಸ್ನಾ ಎಂದಷ್ಟೇ ಇದ್ದರೆ ಎಷ್ಟನೆಯದು ಎಂದು ಕೇಳಿ.

ಶಾರ್ಜಾ ನಹ್ದಾ. ದುಬೈ ನಹ್ದಾಕ್ಕೆ ಹೊಂದಿಕೊಂಡೇ ಇದೆ, ನಡುವೆ ಗಡಿ ಇದೆ ಎಂಬುದೂ ಹೊಸಬರಿಗೆ ಹೊಳೆಯುವುದಿಲ್ಲ. ಆದರೆ ಗಡಿ ದಾಟಿದ ಕೂಡಲೇ ಬಾಡಿಗೆ ಕಾನೂನು, ವಿದ್ಯುತ್ ಕಂಪನಿ, ಪಾರ್ಕಿಂಗ್ ನಿಯಮ, ವಾರದ ರಜೆ ಎಲ್ಲವೂ ಬದಲಾಗುತ್ತವೆ, ಮೆಟ್ರೋ ಇಲ್ಲವಾಗುತ್ತದೆ. ಎತ್ತರದ ಕಟ್ಟಡಗಳು ಒತ್ತೊತ್ತಾಗಿವೆ. ಕುಸೈಸ್ ಕಡೆಯ ಶಾಲೆಗಳಲ್ಲಿ ಕೆಲಸ ಮಾಡುವವರು ಶಾರ್ಜಾದಲ್ಲಿ ಇರಲೇಬೇಕೆಂದರೆ ಇದೇ ಸರಿಯಾದ ಜಾಗ. ಇನ್ನೂ ಒಳಗೆ ಹೋದಷ್ಟೂ ಬೆಳಗಿನ ಹಾದಿ ಉದ್ದವಾಗುತ್ತದೆ.

ಕರಾಮಾ, ಬರ್ ದುಬೈ, ಊದ್ ಮೇಥಾ. 1961ರಲ್ಲಿ ಶುರುವಾದ ಇಂಡಿಯನ್ ಹೈಸ್ಕೂಲ್ ಇರುವುದು ಊದ್ ಮೇಥಾದಲ್ಲಿ. ಸೇಂಟ್ ಮೇರಿಸ್ ಚರ್ಚ್ ಕೂಡ ಅಲ್ಲೇ ಇದೆ, ಕರಾವಳಿಯ ಕ್ರೈಸ್ತ ಕುಟುಂಬಗಳು ಆ ಸುತ್ತಮುತ್ತ ಮನೆ ಹುಡುಕುವುದಕ್ಕೆ ಅದೂ ಒಂದು ಕಾರಣ. ಕರಾಮಾದ ಬೀದಿಗಳಲ್ಲಿ ಉಡುಪಿ ಹೋಟೆಲಿನ ತಿಂಡಿ ಸಿಗುತ್ತದೆ, ಮಂಗಳೂರು ಕಡೆಯ ಮೀನಿನ ಊಟ ಸಿಗುತ್ತದೆ, ಚೌತಿಯ ಹಿಂದಿನ ದಿನ ಬಾಳೆ ಎಲೆ, ಮಲ್ಲಿಗೆ ಸಿಗುತ್ತದೆ. ಮೆಟ್ರೋದ ಎರಡೂ ಮಾರ್ಗಗಳು ಸೇರುವ ಬುರ್ಜುಮಾನ್ ನಿಲ್ದಾಣ ಹತ್ತಿರ. ಒಬ್ಬಂಟಿಯಾಗಿ ಬಂದವರಿಗೆ ಮನೆಯ ನೆನಪು ಕಾಡುವ ದಿನಗಳಲ್ಲಿ ಈ ಬೀದಿಗಳು ದೊಡ್ಡ ಆಸರೆ. ಆದರೆ ಇಲ್ಲಿ ಇಡೀ ಫ್ಲಾಟಿನ ಬಾಡಿಗೆ ಶಿಕ್ಷಕರ ಸಂಬಳಕ್ಕೆ ಭಾರವಾಗುತ್ತದೆ, ಹಂಚಿಕೊಂಡೇ ಇರಬೇಕಾದೀತು. ಹಳೆಯ ಕಟ್ಟಡಗಳು ಬಹಳ, ಪಾರ್ಕಿಂಗ್ ಸಿಗುವುದು ಕಷ್ಟ. ದೇವಸ್ಥಾನ ಹತ್ತಿರವಿದೆ ಎಂಬ ಹಳೆಯ ಮಾತನ್ನು ನಂಬಿ ಬರ್ ದುಬೈಗೆ ಹೋಗುವವರು ಒಂದು ಬದಲಾವಣೆಯನ್ನು ತಿಳಿದಿರಬೇಕು. ಅಲ್ಲಿನ ಹಳೆಯ ಶಿವ ಮಂದಿರ 2024ರ ಜನವರಿಯಲ್ಲಿ ಜೆಬೆಲ್ ಅಲಿಗೆ ಸ್ಥಳಾಂತರವಾಯಿತು. ಜೆಬೆಲ್ ಅಲಿಯ ಹೊಸ ಹಿಂದೂ ಮಂದಿರ 2022ರ ಅಕ್ಟೋಬರ್‌ನಲ್ಲೇ ತೆರೆದಿತ್ತು.

ಡಿಸ್ಕವರಿ ಗಾರ್ಡನ್ಸ್ ಮತ್ತು ಗಾರ್ಡನ್ಸ್. ಶಾಲೆ ಜೆಬೆಲ್ ಅಲಿ ಅಥವಾ ಬರ್ಶಾ ಕಡೆಗಿದ್ದರೆ ಇಲ್ಲಿಂದಲೇ ಹುಡುಕಲು ಶುರು ಮಾಡಿ. ಎತ್ತರವಿಲ್ಲದ ಕಟ್ಟಡಗಳು, ಮರಗಳು, ನಡೆದಾಡಲು ಜಾಗ. 2021ರಿಂದ ಎರಡಕ್ಕೂ ಮೆಟ್ರೋ ನಿಲ್ದಾಣಗಳಿವೆ. ಮೆಟ್ರೋ ಬರುವ ಮೊದಲು ಈ ಭಾಗ ದೂರ ಎನ್ನಿಸುತ್ತಿತ್ತು, ಈಗ ಹಾಗಿಲ್ಲ. ಆದರೆ ಶಾಲೆ ಕುಸೈಸ್‌ನಲ್ಲಿರುವವರು ಇಲ್ಲಿಗೆ ಬರುವುದು ಬೇಡ, ಊರಿನ ಎರಡು ತುದಿಗಳಿವು.

ಇಂಟರ್‌ನ್ಯಾಷನಲ್ ಸಿಟಿ ಮತ್ತು ಸಿಲಿಕಾನ್ ಓಯಸಿಸ್. ನಾದ್ ಅಲ್ ಶೆಬಾ, ವರ್ಖಾ, ಅಕಾಡೆಮಿಕ್ ಸಿಟಿ ಕಡೆಯ ಶಾಲೆಗಳಿಗೆ ಇವು ಹತ್ತಿರ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಚೀನಾ, ಫ್ರಾನ್ಸ್, ಸ್ಪೇನ್ ಎಂದು ದೇಶಗಳ ಹೆಸರಿನ ಕ್ಲಸ್ಟರ್‌ಗಳಿವೆ. ದುಬೈ ವಿಳಾಸದಲ್ಲಿ ಒಂದು ಸ್ಟುಡಿಯೋ ಫ್ಲಾಟು ಸ್ವಂತಕ್ಕೆ ಬೇಕೆನ್ನುವ ಶಿಕ್ಷಕರು ಹೆಚ್ಚಾಗಿ ಇಲ್ಲಿಗೇ ಬರುತ್ತಾರೆ. ಕೊರತೆ ಎಂದರೆ ಮೆಟ್ರೋ. ಈ ಭಾಗಗಳನ್ನು ಮುಟ್ಟುವ ನೀಲಿ ಮಾರ್ಗ 2029ಕ್ಕೆ ತೆರೆಯಬೇಕೆಂಬ ಯೋಜನೆ ಇದೆ. ಅಲ್ಲಿಯವರೆಗೆ ಬಸ್ಸೇ ಗತಿ. ಮುಂದೆ ಬರುವ ಮೆಟ್ರೋ ತೋರಿಸಿ ಈಗಲೇ ಹೆಚ್ಚು ಬಾಡಿಗೆ ಕೇಳುವ ಏಜೆಂಟರ ಮಾತಿಗೆ ಮರುಳಾಗಬೇಡಿ, ನೀವು ಸಹಿ ಹಾಕುವುದು ಒಂದು ವರ್ಷಕ್ಕೆ.

ಶಾರ್ಜಾದ ಮುವೈಲಾ. ಶಾರ್ಜಾದ ಶಾಲೆಯಲ್ಲಿ ಕೆಲಸ ಸಿಕ್ಕವರು ಮೊದಲು ನೋಡಬೇಕಾದ ಜಾಗ ಇದೇ. ಹಲವು ಶಾಲೆಗಳು ಒಂದೇ ಕಡೆ ಸೇರಿವೆ, ಯೂನಿವರ್ಸಿಟಿ ಸಿಟಿ ಪಕ್ಕದಲ್ಲೇ ಇದೆ, ಕಟ್ಟಡಗಳು ಹೊಸವು. ಶಾಲೆಗೆ ನಡೆದೇ ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ ಆ ಸುಖಕ್ಕೆ ಬೆಲೆ ಕಟ್ಟಲಾಗದು. ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಿದ್ದರೆ ಬಸ್ ಶುಲ್ಕವೂ ಉಳಿಯುತ್ತದೆ. ಆದರೆ ಶಾಲೆಗಳು ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಇಡೀ ಬಡಾವಣೆ ಬಸ್ಸುಗಳಿಂದ ಕಟ್ಟಿಹೋಗುತ್ತದೆ. ಸಂಗಾತಿಯ ಕೆಲಸ ದುಬೈನಲ್ಲಿದ್ದರೆ ಇದನ್ನು ಮರೆಯಬಾರದು.

ಮಜಾಜ್, ಖಾಸಿಮಿಯಾ, ತಾವುನ್, ರೋಲಾ. ಶಾರ್ಜಾದ ಹಳೆಯ, ಜನನಿಬಿಡ ಭಾಗಗಳು. ಪೇಟೆ ಹತ್ತಿರ, ಜುಬೈಲ್ ಬಸ್ ನಿಲ್ದಾಣದಿಂದ ದುಬೈಗೆ ಬಸ್ಸುಗಳಿವೆ. ಇಲ್ಲಿ ಮನೆ ನೋಡುವಾಗ 2024ರ ಏಪ್ರಿಲ್ 16ರ ಮಳೆಯ ಬಗ್ಗೆ ಖಂಡಿತ ವಿಚಾರಿಸಿ. ದಾಖಲೆ ಇಡಲು ಶುರುವಾದ 75 ವರ್ಷಗಳಲ್ಲೇ ಅತಿ ಜೋರಾದ ಆ ಮಳೆಗೆ ಶಾರ್ಜಾದ ಹಲವು ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ಮಜಾಜ್, ಖಾಸಿಮಿಯಾ ಭಾಗಗಳಲ್ಲಿ ಜನ ಕಟ್ಟಡದಿಂದ ಹೊರಬರಲಾಗದೆ ಉಳಿದರು. ಆ ದಿನ ಈ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿತ್ತೇ, ವಿದ್ಯುತ್ ಎಷ್ಟು ದಿನ ಇರಲಿಲ್ಲ ಎಂದು ವಾಚ್‌ಮನ್‌ನನ್ನೂ ಕೆಳಗಿನ ಗ್ರೋಸರಿ ಅಂಗಡಿಯವರನ್ನೂ ಕೇಳಿ. ಏಜೆಂಟ್ ಹೇಳದ್ದನ್ನು ಅವರು ಹೇಳುತ್ತಾರೆ. ದುಬೈನಲ್ಲೂ ಕೇಳಬೇಕಾದ ಪ್ರಶ್ನೆಯೇ ಇದು.

ಅಜ್ಮಾನ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಶಾಲೆ ಅಲ್ಲಿದ್ದರೆ ಇರಿ, ದುಬೈನಲ್ಲಿದ್ದರೆ ಬೇಡ.

ಐದನೆಯ ಹೆಜ್ಜೆ: ಬಂದ ಕೂಡಲೇ ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಡಿ

ಹಾಕಬೇಕೆಂದರೂ ಹೆಚ್ಚಿನವರಿಗೆ ಆಗುವುದಿಲ್ಲ. ಇಲ್ಲಿ ಬಾಡಿಗೆಯನ್ನು ಸಾಮಾನ್ಯವಾಗಿ ಮುಂದಿನ ದಿನಾಂಕ ಹಾಕಿದ ಚೆಕ್‌ಗಳಲ್ಲಿ ಕೊಡಬೇಕು. ಚೆಕ್ ಪುಸ್ತಕಕ್ಕೆ ಬ್ಯಾಂಕ್ ಖಾತೆ, ಖಾತೆಗೆ ಇಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ, ಐಡಿಗೆ ವೀಸಾ ಎಂದು ಸರಪಳಿ ಇದೆ. ಜೊತೆಗೆ ಕಾರ್ಮಿಕ ಕಾನೂನಿನ ಪ್ರಕಾರ ಪರೀಕ್ಷಾರ್ಥ ಅವಧಿ ಆರು ತಿಂಗಳವರೆಗೂ ಇರಬಹುದು. ಆ ಅವಧಿ ಮುಗಿಯುವ ಮೊದಲೇ ವರ್ಷದ ಚೆಕ್‌ಗಳನ್ನು ಕೊಟ್ಟು, ಕೆಲಸ ಸರಿಹೋಗದಿದ್ದರೆ ಸಂಕಟ ಎರಡಾಗುತ್ತದೆ.

ಮೊದಲ ಕೆಲವು ತಿಂಗಳು ಹಂಚಿಕೊಂಡ ಕೋಣೆ ಅಥವಾ ಬೆಡ್ ಸ್ಪೇಸ್, ಅಂದರೆ ಕೋಣೆಯಲ್ಲಿ ಒಂದು ಮಂಚದ ಜಾಗ, ಸಾಕು. ಆದರೆ ಪ್ಲೈವುಡ್ ಅಥವಾ ಜಿಪ್ಸಮ್ ಹಲಗೆ ಹೊಡೆದು ಹಾಲನ್ನು ಗೂಡುಗಳಾಗಿ ಮಾಡಿದ ಜಾಗಕ್ಕೆ ಹೋಗಬೇಡಿ. ಅನುಮತಿ ಇಲ್ಲದ ಇಂಥ ವಿಂಗಡಣೆಗಳ ಮೇಲೆ ದುಬೈ ಪಾಲಿಕೆ 2025ರಲ್ಲಿ ದೊಡ್ಡ ಪ್ರಮಾಣದಲ್ಲಿ ಕ್ರಮ ಕೈಗೊಂಡಿತು, ಇದ್ದವರು ರಾತ್ರೋರಾತ್ರಿ ಬೇರೆ ಜಾಗ ಹುಡುಕಬೇಕಾಯಿತು. ಬೆಂಕಿ ಬಿದ್ದರೆ ಹೊರಗೆ ಬರಲು ದಾರಿ ಇರುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಮಾತು. ದುಬೈನಲ್ಲಿ ಫ್ಲಾಟಿನಲ್ಲಿರುವ ಎಲ್ಲರ ಹೆಸರನ್ನೂ ಭೂ ಇಲಾಖೆಯ ದುಬೈ ರೆಸ್ಟ್ ಆ್ಯಪ್‌ನಲ್ಲಿ ಸೇರಿಸುವ ವ್ಯವಸ್ಥೆ 2022ರಿಂದ ಇದೆ. "ನನ್ನ ಹೆಸರನ್ನು ಸೇರಿಸುತ್ತೀರಾ?" ಎಂದು ಕೇಳಿದಾಗ ಫ್ಲಾಟ್ ಹಿಡಿದವರು ಮಾತು ತೇಲಿಸಿದರೆ ಅಲ್ಲಿಂದ ಎದ್ದು ಬನ್ನಿ.

ಬೆಡ್ ಸ್ಪೇಸ್ ನೋಡಲು ಹೋದಾಗ ಕಬ್ಬಿಣದ ಮಂಚದ ಮೂಲೆಗಳನ್ನೂ ಹಾಸಿಗೆಯ ಹೊಲಿಗೆಯನ್ನೂ ಮೊಬೈಲ್ ಬೆಳಕಿನಲ್ಲಿ ನೋಡಿ. ಕರಿ ಚುಕ್ಕೆಗಳಿದ್ದರೆ ತಿಗಣೆ ಇದೆ. ಸಸ್ಯಾಹಾರಿಗಳಾಗಿದ್ದರೆ ಅಥವಾ ಮೀನಿಲ್ಲದೆ ಊಟ ಸೇರದವರಾಗಿದ್ದರೆ ಅಡುಗೆಮನೆಯ ವಿಷಯವನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಮಾತನಾಡಿ. ಬೆಳಿಗ್ಗೆ ನಾಲ್ಕೂವರೆಗೆ ಒಲೆ ಹಚ್ಚುತ್ತೇನೆ ಎಂದೂ ಹೇಳಿ. ರಾತ್ರಿ ಪಾಳಿ ಮುಗಿಸಿ ಮಲಗಿದ ದಾದಿಯೊಬ್ಬರು ಪಕ್ಕದ ಮಂಚದಲ್ಲಿದ್ದರೆ ಇಬ್ಬರಿಗೂ ಕಷ್ಟ. ಶಿಕ್ಷಕಿಯರ ಜೊತೆ ಶಿಕ್ಷಕಿಯರೇ ಇರುವ ಮನೆ ಸಿಕ್ಕರೆ ಐವತ್ತು ನೂರು ದಿರ್ಹಮ್ ಹೆಚ್ಚು ಕೊಡಲು ಹಿಂಜರಿಯಬೇಡಿ. ಅಲ್ಲಿ ಎಲ್ಲರ ಅಲಾರಂ ಒಂದೇ ಹೊತ್ತಿಗೆ ಹೊಡೆಯುತ್ತದೆ.

ಆರನೆಯ ಹೆಜ್ಜೆ: ಹೊತ್ತು ನೋಡಿ ಬಡಾವಣೆಗೆ ಹೋಗಿ

ಏಜೆಂಟ್ ಕರೆಯುವುದು ರಜೆಯ ದಿನ ಮಧ್ಯಾಹ್ನಕ್ಕೆ. ಆ ಹೊತ್ತಿನಲ್ಲಿ ಎಲ್ಲ ಬಡಾವಣೆಗಳೂ ಚೆನ್ನಾಗಿಯೇ ಕಾಣುತ್ತವೆ. ಮೆಚ್ಚಿಗೆಯಾದ ಕಟ್ಟಡಕ್ಕೆ ಕೆಲಸದ ದಿನ ಬೆಳಿಗ್ಗೆ ಆರಕ್ಕೆ ಒಮ್ಮೆ ಹೋಗಿ ನಿಲ್ಲಿ.

ಆಗ ಮುಖ್ಯವಾಗಿ ನೋಡಬೇಕಾದ್ದು ಲಿಫ್ಟು. ನಹ್ದಾದಂಥ ಕಡೆ ಇಪ್ಪತ್ತಕ್ಕಿಂತ ಹೆಚ್ಚು ಮಹಡಿಯ ಕಟ್ಟಡಗಳಲ್ಲಿ ಬೆಳಿಗ್ಗೆ ಆರರಿಂದ ಏಳರವರೆಗೆ ಶಾಲೆಯ ಮಕ್ಕಳು, ಅವರ ಬ್ಯಾಗುಗಳು, ಬಿಟ್ಟು ಬರುವ ತಾಯಂದಿರು, ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಮೇಲಿನ ಮಹಡಿಯಿಂದ ಹೊರಟ ಲಿಫ್ಟು ಪ್ರತಿ ಮಹಡಿಯಲ್ಲೂ ನಿಂತು, ಹನ್ನೆರಡನೆಯದಕ್ಕೆ ಬರುವಾಗ ತುಂಬಿರುತ್ತದೆ. ಬಾಗಿಲು ತೆರೆಯುತ್ತದೆ, ಒಳಗಿನವರು ಕ್ಷಮಿಸಿ ಎಂಬಂತೆ ನೋಡುತ್ತಾರೆ, ಬಾಗಿಲು ಮುಚ್ಚುತ್ತದೆ. ಹೀಗೆ ಎರಡು ಮೂರು ಲಿಫ್ಟು ಹೋದರೆ ಶಾಲಾ ಬಸ್ಸೂ ಹೋಗುತ್ತದೆ. ಕಟ್ಟಡದಲ್ಲಿ ಎಷ್ಟು ಲಿಫ್ಟುಗಳಿವೆ, ಅವುಗಳಲ್ಲಿ ಎಷ್ಟು ಓಡುತ್ತಿವೆ ಎಂದು ಎಣಿಸಿ. ಕೆಳಗಿನ ಮಹಡಿಗಳ ಮನೆ ಸಿಕ್ಕರೆ ಶಿಕ್ಷಕರಿಗೆ ಅದೇ ಲೇಸು, ಮೆಟ್ಟಿಲಲ್ಲಿ ಇಳಿದು ಹೋಗಬಹುದು.

ಮಾರ್ಚ್‌ನ ಹಿತವಾದ ಹವೆಯಲ್ಲಿ ನಿಲ್ದಾಣಕ್ಕೆ ಹನ್ನೆರಡು ನಿಮಿಷ ನಡೆಯುವುದು ಹಗುರವೆನಿಸುತ್ತದೆ. ಜೂನ್‌ನಲ್ಲಿ ಮಧ್ಯಾಹ್ನ ಎರಡೂವರೆಗೆ, ಉಷ್ಣಾಂಶ 40 ಡಿಗ್ರಿ ದಾಟಿದಾಗ, ಹೆಗಲಲ್ಲಿ ಲ್ಯಾಪ್‌ಟಾಪ್, ಕೈಯಲ್ಲಿ ನೋಟ್‌ಪುಸ್ತಕಗಳ ಕಟ್ಟು ಹಿಡಿದು ಅದೇ ದಾರಿಯಲ್ಲಿ ನಡೆಯುವುದನ್ನು ಊಹಿಸಿಕೊಳ್ಳಿ. ದಾರಿಯಲ್ಲಿ ಕಟ್ಟಡಗಳ ನೆರಳಿದೆಯೇ, ಬಸ್ ತಂಗುದಾಣಕ್ಕೆ ಎಸಿ ಇದೆಯೇ, ಹೆದ್ದಾರಿ ದಾಟಲು ಮೇಲ್ಸೇತುವೆ ಎಲ್ಲಿದೆ ಎಂದು ನೋಡಿ.

ಮನೆಯೊಳಗೆ ಹೋದಾಗ ಎಸಿಯನ್ನು ಹಾಕಿಸಿ ಕಾಲು ಗಂಟೆ ಕೂರಿ. ಎಸಿಯ ಖರ್ಚು ಬಾಡಿಗೆಯಲ್ಲೇ ಸೇರಿದೆಯೋ, ವಿದ್ಯುತ್ ಬಿಲ್ಲಿನಲ್ಲಿ ಬರುತ್ತದೆಯೋ, ಅಥವಾ ಕೂಲಿಂಗ್ ಕಂಪನಿಗೆ ಬೇರೆಯೇ ಕಟ್ಟಬೇಕೋ ಎಂದು ತಿಳಿದುಕೊಳ್ಳಿ. ಇದೊಂದು ಉತ್ತರದಿಂದ ಬೇಸಿಗೆಯ ತಿಂಗಳುಗಳ ಲೆಕ್ಕವೇ ಬದಲಾಗುತ್ತದೆ. ಪಶ್ಚಿಮಕ್ಕೆ ತೆರೆದ ದೊಡ್ಡ ಗಾಜಿನ ಕಿಟಕಿ ಚೆಂದ ಕಾಣುತ್ತದೆ, ಬಿಲ್ಲನ್ನೂ ಏರಿಸುತ್ತದೆ. ಮೇಜು ಹಾಕಿ ಕುಳಿತು ಪತ್ರಿಕೆ ತಿದ್ದಲು ಒಂದು ಮೂಲೆ ಇದೆಯೇ ಎಂಬುದನ್ನೂ ನೋಡಿ. ಸ್ಟುಡಿಯೋ ಫ್ಲಾಟಿನಲ್ಲಿ ನಾಲ್ಕು ಜನರ ಸಂಸಾರವಿದ್ದರೆ ತಿದ್ದುವ ಕೆಲಸ ಅಡುಗೆಮನೆಯ ಕಟ್ಟೆಗೆ ಹೋಗುತ್ತದೆ.

ಶಾಲೆಗೆ ಅಂಟಿಕೊಂಡೇ ಇರುವ ಬಡಾವಣೆಯಲ್ಲಿ ನೆರೆಹೊರೆಯವರೇ ಪೋಷಕರಾಗಿರುತ್ತಾರೆ. ಸಂಜೆ ಬಾಗಿಲು ತಟ್ಟಿ "ಮಿಸ್, ಮಗುವಿಗೆ ಸ್ವಲ್ಪ ಗಣಿತ ಹೇಳಿಕೊಡಿ" ಎನ್ನುವವರು ಇದ್ದೇ ಇರುತ್ತಾರೆ. ಹಣ ಪಡೆದು ಪಾಠ ಹೇಳಲು ಸರ್ಕಾರದ ಪರವಾನಗಿ ಬೇಕು. 2023ರ ಡಿಸೆಂಬರ್‌ನಲ್ಲಿ ಖಾಸಗಿ ಪಾಠಕ್ಕಾಗಿಯೇ ಅಂಥ ಪರವಾನಗಿಯನ್ನು ಜಾರಿಗೆ ತಂದಿದ್ದಾರೆ. ಅದನ್ನು ಪಡೆಯದೆ ಒಪ್ಪಿಕೊಳ್ಳಬೇಡಿ. ಸಂಜೆಗಳು ನಿಮ್ಮದಾಗಿಯೇ ಉಳಿಯಬೇಕೆಂದಿದ್ದರೆ ಶಾಲೆಯಿಂದ ಒಂದೆರಡು ಬಸ್ ನಿಲ್ದಾಣ ಆಚೆಗೆ ಮನೆ ಮಾಡುವುದು ಜಾಣತನ.

ಏಳನೆಯ ಹೆಜ್ಜೆ: ಕೈಯಲ್ಲಿ ಎಷ್ಟು ಹಣ ಬೇಕು, ಯಾವ ಕಾಗದ ಬೇಕು

ದುಬೈನಲ್ಲಿ ವರ್ಷಕ್ಕೆ 40,000 ದಿರ್ಹಮ್ ಬಾಡಿಗೆಯ ಫ್ಲಾಟ್ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ನಾಲ್ಕು ಚೆಕ್‌ಗಳಿಗೆ ಮಾಲೀಕರು ಒಪ್ಪಿದರೆ ಮೊದಲ ಚೆಕ್ 10,000. ಪೀಠೋಪಕರಣವಿಲ್ಲದ ಮನೆಗೆ ಠೇವಣಿ ಸಾಮಾನ್ಯವಾಗಿ ಶೇ 5, ಅಂದರೆ 2,000. ಏಜೆಂಟರ ಕಮಿಷನ್ ಶೇ 5 ಎಂದರೆ ಇನ್ನೊಂದು 2,000. ವಿದ್ಯುತ್ ಮತ್ತು ನೀರಿನ ಸಂಸ್ಥೆಯಾದ ದೇವಾಗೆ ಫ್ಲಾಟಿನ ಠೇವಣಿ 2,000. ಒಪ್ಪಂದವನ್ನು ದುಬೈನ ಸರ್ಕಾರಿ ಬಾಡಿಗೆ ನೋಂದಣಿ ವ್ಯವಸ್ಥೆಯಾದ ಇಜಾರಿಯಲ್ಲಿ ನೋಂದಾಯಿಸಲು, ಸರ್ಕಾರಿ ಅರ್ಜಿಗಳನ್ನು ತುಂಬಿಕೊಡುವ ಟೈಪಿಂಗ್ ಸೆಂಟರ್‌ನಲ್ಲಿ ಸುಮಾರು 220. ಒಟ್ಟು 16,000 ದಾಟಿತು, ಇನ್ನೂ ಒಂದು ಬಕೆಟ್ ಕೂಡ ಕೊಂಡಿಲ್ಲ. ಇದರ ಮೇಲೆ ವಾರ್ಷಿಕ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕ ದೇವಾ ಬಿಲ್ಲಿನಲ್ಲೇ ಕಂತಾಗಿ ಬರುತ್ತದೆ, ಈ ಉದಾಹರಣೆಯಲ್ಲಿ ತಿಂಗಳಿಗೆ 167 ದಿರ್ಹಮ್‌ನಷ್ಟು. ಜಾಹೀರಾತುಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಭತ್ಯೆಯನ್ನು ಮುಂಗಡವಾಗಿ ಕೊಡುತ್ತೀರಾ ಎಂದು ಶಾಲೆಯನ್ನು ಕೇಳಿ.

ಚೆಕ್ ಬರೆಯುವಾಗ ಹೆಸರು ಮಾಲೀಕರದೇ ಇರಲಿ, ಅಥವಾ ಮಾಲೀಕರು ಲಿಖಿತವಾಗಿ ಅಧಿಕಾರ ಕೊಟ್ಟ ನಿರ್ವಹಣಾ ಕಂಪನಿಯದಿರಲಿ. ಮಾಲೀಕತ್ವದ ಪತ್ರದ ಪ್ರತಿಯನ್ನು ನೋಡದೆ, ಏಜೆಂಟರ ನೋಂದಣಿ ಸಂಖ್ಯೆಯನ್ನು ಪರಿಶೀಲಿಸದೆ ನಗದು ಕೊಡಬೇಡಿ. "ಇವತ್ತೇ ಟೋಕನ್ ಕೊಡದಿದ್ದರೆ ಮನೆ ಹೋಗುತ್ತದೆ" ಎಂದು ಅವಸರಪಡಿಸಿದರೆ ಹೋಗಲಿ ಬಿಡಿ, ಇನ್ನೊಂದು ಮನೆ ಸಿಗುತ್ತದೆ.

ಒಪ್ಪಂದದಲ್ಲಿ ಶಿಕ್ಷಕರು ಪಟ್ಟು ಹಿಡಿದು ಬರೆಸಬೇಕಾದ ಒಂದು ಸಾಲಿದೆ: ಕೆಲಸ ಹೋದರೆ ಅಥವಾ ಬೇರೆ ಎಮಿರೇಟ್‌ಗೆ ವರ್ಗವಾದರೆ ಇಂತಿಷ್ಟು ದಿನಗಳ ನೋಟಿಸ್ ಕೊಟ್ಟು, ಎರಡು ತಿಂಗಳ ಬಾಡಿಗೆ ದಂಡ ತೆತ್ತು ಮನೆ ಬಿಡಬಹುದು, ಉಳಿದ ಚೆಕ್‌ಗಳನ್ನು ಹಿಂದಿರುಗಿಸಬೇಕು ಎಂದು. ಎರಡು ತಿಂಗಳು ಎಂಬುದು ಇಲ್ಲಿ ರೂಢಿಯಲ್ಲಿರುವ ಲೆಕ್ಕ. ಅದನ್ನು ಒಂದಕ್ಕೆ ಇಳಿಸಲು ಕೇಳಿ ನೋಡಬಹುದು. ಈ ಸಾಲು ಇಲ್ಲದಿದ್ದರೆ ಪೂರ್ತಿ ವರ್ಷದ ಚೆಕ್‌ಗಳು ಮಾಲೀಕರ ಕೈಯಲ್ಲಿ ಉಳಿಯುತ್ತವೆ.

ಬಾಡಿಗೆ ಏರಿಕೆಗೂ ಕಾನೂನಿನ ಕಡಿವಾಣವಿದೆ. ದುಬೈನಲ್ಲಿ ಬಾಡಿಗೆ ಅಥವಾ ಷರತ್ತು ಬದಲಿಸಬೇಕಾದರೆ ಒಪ್ಪಂದ ಮುಗಿಯುವ 90 ದಿನ ಮೊದಲು ತಿಳಿಸಬೇಕು. 2013ರ 43ನೇ ಸಂಖ್ಯೆಯ ಆದೇಶದ ಪ್ರಕಾರ ಎಷ್ಟು ಏರಿಸಬಹುದೆಂಬುದು ಆ ಭಾಗದ ಸರಾಸರಿ ಬಾಡಿಗೆಯ ಮೇಲೆ ನಿಂತಿದೆ. ನೀವು ಕೊಡುತ್ತಿರುವುದು ಸರಾಸರಿಗಿಂತ ಶೇ 10ರಷ್ಟು ಮಾತ್ರ ಕಡಿಮೆ ಇದ್ದರೆ ಏರಿಕೆಯೇ ಇಲ್ಲ, ಎಷ್ಟೇ ಕಡಿಮೆ ಇದ್ದರೂ ಶೇ 20ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಭೂ ಇಲಾಖೆಯ ಸೂಚ್ಯಂಕದಲ್ಲಿ ನಿಮ್ಮ ಕಟ್ಟಡದ ಲೆಕ್ಕವನ್ನು ಉಚಿತವಾಗಿ ನೋಡಬಹುದು. ಮಾಲೀಕರು ಮಾರಾಟಕ್ಕೋ ಸ್ವಂತ ವಾಸಕ್ಕೋ ಮನೆ ಬಿಡಿಸಬೇಕೆಂದರೆ 12 ತಿಂಗಳ ನೋಟಿಸನ್ನು ನೋಟರಿ ಅಥವಾ ನೋಂದಾಯಿತ ಅಂಚೆಯ ಮೂಲಕ ಕೊಡಬೇಕು. ವಾಟ್ಸ್‌ಆ್ಯಪ್ ಸಂದೇಶ ನೋಟಿಸ್ ಆಗುವುದಿಲ್ಲ. ಶಾರ್ಜಾದಲ್ಲಿ 2024ರ ಕಾನೂನಿನಂತೆ ಬಾಡಿಗೆ ಶುರುವಾದ ಮೂರು ವರ್ಷದವರೆಗೆ ಏರಿಸುವಂತಿಲ್ಲ, ಒಪ್ಪಂದವನ್ನು ನಗರಪಾಲಿಕೆಯಲ್ಲಿ ದೃಢೀಕರಿಸಬೇಕು. ದೃಢೀಕರಣದ ಶುಲ್ಕ ಯಾರು ಕಟ್ಟಬೇಕೆಂದು ಮೊದಲೇ ಮಾತನಾಡಿಕೊಳ್ಳಿ.

ಎಂಟನೆಯ ಹೆಜ್ಜೆ: ಬೀಗದ ಕೈ ಸಿಕ್ಕ ದಿನ

ಸಾಮಾನು ಒಳಗಿಡುವ ಮೊದಲು ಪ್ರತಿ ಕೋಣೆಯ ವಿಡಿಯೋ ಮಾಡಿ. ಗೋಡೆಯ ತೂತು, ಸ್ನಾನದ ಮನೆಯ ಟೈಲ್ಸಿನ ಬಿರುಕು, ಸಿಂಕಿನ ಕೆಳಗಿನ ತೇವ ಎಲ್ಲವೂ ಕಾಣುವಂತಿರಲಿ. ಅದನ್ನು ಅದೇ ದಿನ ಮಾಲೀಕರಿಗೂ ಏಜೆಂಟರಿಗೂ ಇಮೇಲ್ ಮಾಡಿ. ಠೇವಣಿ ವಾಪಸು ಕೇಳುವಾಗ ನಿಮ್ಮ ಮಾತಿಗೆ ಬಲ ಕೊಡುವುದು ಆ ಇಮೇಲಿನ ದಿನಾಂಕ. ದುಬೈನ ದೇವಾ ಅಥವಾ ಶಾರ್ಜಾದ ವಿದ್ಯುತ್ ಮತ್ತು ನೀರಿನ ಸಂಸ್ಥೆಯಾದ 'ಸೇವಾ'ದ ಮೀಟರಿನ ಸಂಖ್ಯೆಯನ್ನೂ ಚಿತ್ರ ತೆಗೆದುಕೊಳ್ಳಿ.

ಆಮೇಲೆ ಕ್ಯಾಲೆಂಡರ್‌ನಲ್ಲಿ ಎರಡು ದಿನಾಂಕ ಗುರುತಿಸಿ. ಒಪ್ಪಂದ ಮುಗಿಯುವ 90 ದಿನ ಮೊದಲಿನದು ಒಂದು. ನಿಮ್ಮ ಶಾಲೆ ಮುಂದಿನ ವರ್ಷಕ್ಕೆ ಉಳಿಯುತ್ತೀರಾ ಎಂದು ಕೇಳುವ ದಿನ ಇನ್ನೊಂದು. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಇದು ಏಪ್ರಿಲ್‌ಗೆ ಕೆಲವು ತಿಂಗಳ ಮುಂಚೆಯೇ ಬರುತ್ತದೆ. ಮನೆಯ ಒಪ್ಪಂದ ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್‌ನಲ್ಲೋ ಮುಗಿಯುವಂತಿದ್ದರೆ, ಮೊದಲ ನವೀಕರಣದ ಹೊತ್ತಿನಲ್ಲಿ ಮಾಲೀಕರ ಜೊತೆ ಮಾತನಾಡಿ, ಆರೇಳು ತಿಂಗಳ ಅವಧಿ ಹಾಕಿಸಿಕೊಂಡು ಅದನ್ನು ಶೈಕ್ಷಣಿಕ ವರ್ಷದ ಕೊನೆಗೆ ಸರಿಹೊಂದಿಸಿಕೊಳ್ಳಿ. ಶಾಲೆ ಬದಲಾದರೆ ಅದೇ ತಿಂಗಳಲ್ಲಿ ಮನೆಯನ್ನೂ ಬದಲಾಯಿಸಬಹುದು, ದಂಡ ಕಟ್ಟಬೇಕಾಗಿಲ್ಲ.